ಕೈಗೊಪ್ಪಿದ ಇಲಿ

ಮನೆಗೆ ಇಲಿ ಬಂದಿತೆಂದರೆ ಬೋನು ಹುಡುಕುವುದು ಲೋಕರೂಢಿ. ಆದರೆ ಈಗ್ಗೆ ಮೂರು ತಿಂಗಳ ಕೆಳಗೆ ಬೆಂಗಳೂರಿನ ನಮ್ಮ ಮನೆಗೆ ಬಂದ ಇಲಿಯನ್ನು ನನ್ನ ಶ್ರೀಮತಿ ಅರಿಸಿನ ಕುಂಕುಮವಿಟ್ಟು ಬರಮಾಡಿಕೊಂಡಳು. ಹೊಸದಾಗಿ ಕೊಂಡ ಯಂತ್ರ ಯಾವುದೇ ಇರಲಿ, ಮಿಕ್ಸಿಯಾಗಲಿ ಸ್ಕೂಟರಾಗಲಿ, ಕುಂಕುಮ ಕಾಣದೆ ಕೆಲಸಕ್ಕೆ ಇಳಿಯಕೂಡದೆಂಬುದು ಆಕೆಯ ನಿಯಮ. ಅದರಲ್ಲಿಯೂ ಇದು ವಿಘ್ನೇಶ್ವರನ ವಾಹನದ ಹೆಸರು ಹೊತ್ತು ಬಂದದ್ದು! ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಅಂಗೈಯಿಂದ ಆಡಿಸತಕ್ಕ ಮೌಸ್.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ನಾಲ್ಕು ತಿಂಗಳ ಹಿಂದೆ ಯಾರಾದರೂ ಇಂಥ ಲೇಖನ ಬರೆದಿದ್ದರೆ ನಾನೂ ಪುಟ ಮಗುಚಿ ಧಾರಾವಾಹಿಯ ಕಡೆಗೆ ಹೋಗುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಈ ಅವಧಿಯಲ್ಲಿ ನಮ್ಮ ಮನೆಯಲ್ಲಿ ಒಂದಲ್ಲ, ಮೂರು ಮೌಸುಗಳ ಪರೀಕ್ಷೆ ನಡೆಯಿತು. ಅದರ ಫಲವಾಗಿ ನನ್ನ ಬಲಗೈ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ತಂದೆಯವರ ಬಾಳಿನ ಕೆಲಸವೊಂದು ಟ್ರಂಕಿನ ತಳದಿಂದ ಮೇಲಕ್ಕೆ ಬಂದಿತು.

ಏಳು ನೋಟುಪುಸ್ತಕಗಳು

ನನ್ನ ತೀರ್ಥರೂಪರು ಸಾಗರದ ಸೀಮೆಯಲ್ಲಿ 34 ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ನೇರವಾಗಿ ಮನೆಗೆ ಬರುತ್ತಿರಲಿಲ್ಲ. ಯಾರದೋ ತೋಟದ ಬೇಲಿಯ ಬಳಿ ನಿಂತು, ಇಲ್ಲವೆ ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಕುಳಿತು, ಜನರ ಮಾತನ್ನು ಕೇಳುವುದು, ಕೇಳಿದ ಶಬ್ದವನ್ನು ಅರ್ಥದೊಡನೆ ಬರೆದುಕೊಳ್ಳುವುದು, ಇದು ಅವರ ಹವ್ಯಾಸ. ಸೋಗೆ, ಹಾಳೆ, ದಬ್ಬೆ, ಚೊಗರು ಎಂಬ ಮಲೆನಾಡಿನವರೆಲ್ಲರೂ ಬಲ್ಲ ಮಾತುಗಳಿಂದ ತೊಡಗಿ, ಒಂದು ಊರಿನಲ್ಲಿ ಇಬ್ಬರು ಮುದುಕಿಯರು ಮಾತ್ರ ಆಡುತ್ತಿದ್ದ ಮಾತುಗಳವರೆಗೆ, ಏಳು ನೋಟುಪುಸ್ತಕಗಳು ತುಂಬಿದ್ದವು. ತಾಯಿಯವರು ತೀರಿಕೊಂಡ ಮೇಲೆ ಅಪ್ಪಯ್ಯ ನಮ್ಮೊಡನೆ ಇರಲು ಬಂದಾಗ ಒಂದು ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಆ ಪುಸ್ತಕಗಳೂ ಬಂದವು.

ಅವರಿಗೆ ಈಗ 76 ವರ್ಷ. ಎರಡು ವರ್ಷಗಳಿಂದ ಕೈ ನಡುಗುತ್ತದೆ. ಮುತ್ತು ಪೋಣಿಸಿದಂತಿದ್ದ ಅಕ್ಷರ ಈಗ ಅವರಿಗೇ ಓದಲು ಬಾರದು. ಕೊನೆಯ ನೋಟುಪುಸ್ತಕದ ಅರ್ಧಕ್ಕೆ ಬರವಣಿಗೆ ನಿಂತುಹೋಗಿದೆ. ಅದನ್ನು ಕಂಡ ದಿನ ನಾನು, "ಅಪ್ಪಯ್ಯ, ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಏರಿಸಿಕೊಡುತ್ತೇನೆ. ಬರುವ ಯುಗಾದಿಗೆ ಅಚ್ಚು ಮಾಡಿಸೋಣ" ಎಂದು ಮಾತು ಕೊಟ್ಟುಬಿಟ್ಟೆ. ಕನ್ನಡ ಎಂ.ಎ. ಮಾಡಿದವನಿಗೆ ಇದೇನು ಮಹಾ ಕೆಲಸ ಎಂಬ ಹುಮ್ಮಸ್ಸು.

ಹಗಲು ಕಾಲೇಜಿನ ಪಾಠ, ಉತ್ತರಪತ್ರಿಕೆಗಳ ರಾಶಿ. ರಾತ್ರಿ ಊಟವಾದ ಮೇಲೆ ಹನ್ನೊಂದೂವರೆಯವರೆಗೆ ನೋಟುಪುಸ್ತಕ. ಅಕ್ಷರ ಜೋಡಿಸುವುದು ಕಷ್ಟವಲ್ಲ, ಕೀಲಿಮಣೆ ರೂಢಿಯಲ್ಲಿದೆ. ಕಷ್ಟವಿದ್ದದ್ದು ತಿದ್ದುವುದರಲ್ಲಿ. ಶಬ್ದಕೋಶವೆಂದರೆ ಬರೆದದ್ದಕ್ಕಿಂತ ಸರಿಸಿದ್ದೇ ಹೆಚ್ಚು. ಮೂರನೆಯ ಪುಸ್ತಕದ ಶಬ್ದವನ್ನು ಮೊದಲನೆಯದರ ಪಕ್ಕಕ್ಕೆ ತರಬೇಕು, ಎರಡು ಅರ್ಥಗಳನ್ನು ಒಂದುಗೂಡಿಸಬೇಕು, ಅಕಾರಾದಿಯಲ್ಲಿ ಜೋಡಿಸಬೇಕು. ಇದರ ಮೇಲೆ ನಮ್ಮ ಲಿಪಿಯ ಒತ್ತಕ್ಷರಗಳು. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ; ಆದರೆ ಗಣಕಯಂತ್ರದ ಹೊಟ್ಟೆಯಲ್ಲಿ ಅದು ಆರು ಸಂಕೇತಗಳ ಸರಪಳಿ. ಬಾಣದ ಗುರುತನ್ನು ಕೂದಲೆಳೆಯಷ್ಟು ಆಚೆ ಇಟ್ಟರೆ ಪಕ್ಕದ ಅಕ್ಷರ ಅಳಿಸಿಹೋಗುತ್ತದೆ.

ಈ ಬಾಣವನ್ನು ನಡೆಸಲು ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯ ಕೆಳಗೆ ಟಚ್‌ಪ್ಯಾಡ್ ಎಂಬ ನುಣುಪಾದ ಹಲಗೆಯೊಂದುಂಟಷ್ಟೆ. 1994ರಿಂದೀಚೆಗೆ ಲ್ಯಾಪ್‌ಟಾಪುಗಳಲ್ಲಿ ನೆಲೆಯೂರಿದ ಈ ಸಾಧನ, ಬೆರಳು ತಾಕಿದಾಗ ಆಗುವ ಸೂಕ್ಷ್ಮವಾದ ವಿದ್ಯುತ್ ವ್ಯತ್ಯಾಸವನ್ನು ಗುರುತಿಸಿ ಬಾಣವನ್ನು ಸರಿಸುತ್ತದೆ. ಒಂದು ಪತ್ರ ಬರೆಯುವುದಕ್ಕೆ, ಒಂದು ಚಿತ್ರ ನೋಡುವುದಕ್ಕೆ ಇದು ಬೇಕಾದಷ್ಟಾಯಿತು. ಸಾವಿರಾರು ಶಬ್ದಗಳನ್ನು ಹಿಡಿದೆಳೆದು ಸಾಲಿಗೆ ನಿಲ್ಲಿಸುವುದಕ್ಕೆ ಅಲ್ಲ. ಆರು ವಾರಗಳಲ್ಲಿ ನನ್ನ ಮಣಿಕಟ್ಟು ನೋಯತೊಡಗಿತು. ನಡುರಾತ್ರಿಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ಎಚ್ಚರವಾಗುತ್ತಿತ್ತು. ಒಂದು ಬೆಳಿಗ್ಗೆ ಕಾಫಿಯ ಲೋಟ ಕೈಯಿಂದ ಜಾರಿ ಬಿದ್ದಿತು.

ಎದುರಿಗೆ ಕುಳಿತಿದ್ದ ಅಪ್ಪಯ್ಯ ಅದನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಕು ಬಿಡೋ. ಕೈ ಕೆಡಿಸಿಕೊಳ್ಳಬೇಡ. ಶಬ್ದ ಎಲ್ಲಿಗೂ ಹೋಗುವುದಿಲ್ಲ" ಎಂದರು. ಶಬ್ದಗಳು ಹೋಗಿಬಿಡುತ್ತವೆಂಬ ಭಯದಿಂದಲೇ 34 ವರ್ಷ ಬರೆದಿಟ್ಟವರ ಬಾಯಲ್ಲಿ ಆ ಮಾತು! ಅಂದು ಕಾಲೇಜಿನಲ್ಲಿ ಸೀಮೆಸುಣ್ಣ ಹಿಡಿದಾಗ ನೋವಾದದ್ದು ಕೈಗೆ ಮಾತ್ರವಲ್ಲ.

ಮಣಿಕಟ್ಟಿನ ಸುರಂಗ

ನಮ್ಮ ಬಡಾವಣೆಯ ವೈದ್ಯರು ಕೈಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಮಣಿಕಟ್ಟಿನೊಳಗೆ ಕಿರಿದಾದ ಒಂದು ಸುರಂಗವುಂಟು. ಕೆಳಗೆ ಮೂಳೆಗಳು, ಮೇಲೆ ಗಟ್ಟಿಯಾದ ಒಂದು ಪಟ್ಟಿ. ಆ ಇಕ್ಕಟ್ಟಿನಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಅವುಗಳೊಡನೆ ಒಂದು ನರವೂ ಹಾದುಹೋಗುತ್ತವೆ. ಕೈಯನ್ನು ಬಾಗಿಸಿದ ಭಂಗಿಯಲ್ಲಿಯೇ ಗಂಟೆಗಟ್ಟಲೆ ದುಡಿಸಿದರೆ ಸುರಂಗದೊಳಗಿನ ಒತ್ತಡ ಹೆಚ್ಚಿ ನರ ನಲುಗುತ್ತದೆ. ಹೆಬ್ಬೆರಳಿನಿಂದ ನಡುಬೆರಳಿನವರೆಗಿನ ಸ್ಪರ್ಶಜ್ಞಾನ ಆ ನರಕ್ಕೆ ಸೇರಿದ್ದಾದುದರಿಂದ ಮೊದಲು ಮರಗಟ್ಟುವವು ಅವೇ.

"ಇದು ಇನ್ನೂ ಎಚ್ಚರಿಕೆಯ ಗಂಟೆ ಮಾತ್ರ. ಅರ್ಧ ಗಂಟೆಗೊಮ್ಮೆ ಎದ್ದು ಕೈಗೆ ಬಿಡುವು ಕೊಡಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ದುಡಿಯಬೇಡಿ. ಬೇರೆ ಮೌಸ್ ಒಂದನ್ನು ತಂದು ಕೈಯ ಭಂಗಿ ಬದಲಾಯಿಸಿ ನೋಡಿ" ಎಂದರು. ಮೌಸಿನಿಂದ ನೋವು ವಾಸಿಯಾಗುವುದೇ ಎಂದು ಕೇಳಿದೆ. "ಮೌಸ್ ಔಷಧವಲ್ಲ, ಮೇಷ್ಟ್ರೇ. ಚಪ್ಪಲಿ ಕಾಲು ನೋವಿಗೆ ಔಷಧವೇ? ಆದರೆ ಕಚ್ಚುವ ಚಪ್ಪಲಿಯನ್ನು ಬಿಡಬೇಕಲ್ಲ" ಎಂದು ನಕ್ಕರು.

ಎಸ್.ಪಿ. ರಸ್ತೆಯ ವ್ಯಾಪಾರ

ಗಣಕಯಂತ್ರದ ಬಿಡಿಭಾಗಗಳಿಗೆ ಬೆಂಗಳೂರಿನವರು ಹೋಗುವುದು ಸಾದರ ಪತ್ರಪ್ಪ ರಸ್ತೆಗೆ. ಎಸ್.ಪಿ. ರಸ್ತೆಯೆಂದರೆ ಮಕ್ಕಳಿಗೂ ಗೊತ್ತು. ನಾನು ಹೋದ ಮೊದಲ ಅಂಗಡಿಯಲ್ಲಿ ನೂರು ಬಗೆಯ ಮೌಸುಗಳು ತೂಗುಹಾಕಿದ್ದವು, ಎಲ್ಲವೂ ಪೆಟ್ಟಿಗೆಯೊಳಗೆ. "ಕೈಯಲ್ಲಿ ಹಿಡಿದು ನೋಡಬಹುದೇ?" ಎಂದೆ. "ತೆರೆದರೆ ವಾಪಸ್ ಇಲ್ಲ ಸಾರ್" ಎಂಬ ಉತ್ತರ ಬಂದಿತು. ಪೆಟ್ಟಿಗೆಯ ಮೇಲಿನ ಚಿತ್ರ ಅಂದವಾಗಿತ್ತು, ಬೆಲೆಯೂ ನಾನೂರು ರೂಪಾಯಿ. ಜೇಬಿನಲ್ಲಿಡುವಷ್ಟು ಚಿಕ್ಕದಾದ, ಚಪ್ಪಟೆಯಾದ, ತಂತಿಯಿಲ್ಲದ ಮೌಸೊಂದನ್ನು ಕೊಂಡು ಬಂದೆ.

ಅರಿಸಿನ ಕುಂಕುಮದ ಪೂಜೆಯಾದದ್ದು ಇದಕ್ಕೆ. ಪಾಪ, ಪೂಜೆ ಫಲಿಸಲಿಲ್ಲ. ಪ್ರಯಾಣದಲ್ಲಿ ಕೊಂಡೊಯ್ಯಲೆಂದು ಮಾಡಿದ ಅದು ನನ್ನ ಅಂಗೈಯ ಅರ್ಧದಷ್ಟೂ ಇರಲಿಲ್ಲ. ಅದನ್ನು ಹಿಡಿಯಲು ಬೆರಳುಗಳನ್ನು ಹದ್ದಿನ ಉಗುರಿನಂತೆ ಮಡಿಸಬೇಕು. ಮಣಿಕಟ್ಟು ಮೇಜಿಗೆ ಒತ್ತಿಕೊಂಡೇ ಇರಬೇಕು. ಮೂರು ದಿನಗಳಲ್ಲಿ ನೋವು ಮೊಣಕೈಗೆ ಏರಿತು. ಅಂಗಡಿಗೆ ಮರಳಿಸಲು ಹೋದರೆ ಆತ ಮಾತು ಉಳಿಸಿಕೊಂಡ, ಹಿಂದಕ್ಕೆ ಪಡೆಯಲಿಲ್ಲ!

ಎರಡನೆಯ ಸಲ ಜಾಣನಾದೆ. ಅದೇ ರಸ್ತೆಯಲ್ಲಿ, ಪರೀಕ್ಷೆಗೆಂದು ಐದಾರು ಮೌಸುಗಳನ್ನು ಹೊರಗಿಟ್ಟಿದ್ದ ಒಂದು ಅಂಗಡಿ ಸಿಕ್ಕಿತು. ವೃದ್ಧರಾದ ಮಾಲಿಕರು ಒಂದು ಸ್ಟೂಲ್ ಕೊಟ್ಟು, "ಕುಳಿತು ನೋಡಿ. ಮೌಸನ್ನು ನಿಂತುಕೊಂಡು ನೋಡಬಾರದು" ಎಂದರು. ಎಷ್ಟು ಸರಿಯಾದ ಮಾತು! ಒಂದೊಂದನ್ನೂ ಹಿಡಿದು ನೋಡಿದೆ. ಅವುಗಳಲ್ಲಿ ಒಂದು ನೆಟ್ಟಗೆ ನಿಂತಿತ್ತು, ಹೋಳು ಮಾಡಿ ಕವುಚದೆ ಓರೆಯಾಗಿಟ್ಟ ಮಾವಿನ ಹಣ್ಣಿನಂತೆ. ಇದನ್ನು ಲಂಬ ಮೌಸ್ ಎನ್ನಬಹುದು. ಅಂಗೈಯನ್ನು ಕೆಳಮುಖ ಮಾಡಿ ಹಿಡಿಯುವಂಥದಲ್ಲ. ಎದುರಿನವರ ಕೈ ಕುಲುಕುವಂತೆ ಪಕ್ಕದಿಂದ ಹಿಡಿಯುವುದು. ಅಂಗೈಯನ್ನು ಕೆಳಕ್ಕೆ ತಿರುಗಿಸಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಕೈ ಕುಲುಕುವ ಭಂಗಿಯಲ್ಲಿ ಆ ತಿರುಚು ಕಡಿಮೆ. ಅಂಗೈಗೆ ತುಂಬುವಷ್ಟು ದಪ್ಪ, ಮಣಿಕಟ್ಟು ಮೇಜಿಗೆ ಒತ್ತುವುದಿಲ್ಲ. ಸಾವಿರದ ಇನ್ನೂರು ರೂಪಾಯಿ ತೆತ್ತು ತಂದೆ. ಈ ಸಲ ಶ್ರೀಮತಿ, "ಮೊದಲು ಕೆಲಸ ಮಾಡಲಿ, ಆಮೇಲೆ ಕುಂಕುಮ ಇಡುತ್ತೇನೆ" ಎಂದಳು.

ಇಲಿಯ ಜನ್ಮವೃತ್ತಾಂತ

ಇಲ್ಲಿ ಈ ಪ್ರಾಣಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಮೌಸ್ ಎಂಬುದು ಹುಟ್ಟಿದ್ದೇ ಇಂಥ ಪರೀಕ್ಷೆಗಳಿಂದ.

ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1925ರಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ನೌಕಾದಳದಲ್ಲಿ ರೇಡಾರ್ ತಂತ್ರಜ್ಞರಾಗಿದ್ದರು. ಮುಂದೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫೋರ್ಡ್ ಸಂಶೋಧನ ಸಂಸ್ಥೆಗೆ ಸೇರಿದರು. ರಂಧ್ರ ಕೊರೆದ ಕಾರ್ಡುಗಳನ್ನು ಉಣಿಸಿ ಉತ್ತರಕ್ಕಾಗಿ ಕಾಯುವುದೇ ಗಣಕಯಂತ್ರದ ಬಳಕೆಯಾಗಿದ್ದ ಕಾಲ ಅದು. ಮನುಷ್ಯನು ತೆರೆಯ ಎದುರಿಗೆ ಕುಳಿತು, ಅಕ್ಷರಗಳನ್ನು ತೋರಿಸಿ ತಿದ್ದಿ, ಯಂತ್ರದೊಡನೆ ಕೂಡಿ ಯೋಚಿಸುವಂತಾಗಬೇಕೆಂಬುದು ಎಂಗೆಲ್‌ಬಾರ್ಟರ ಹಂಬಲ. ಆದರೆ ತೆರೆಯ ಮೇಲಿನ ಒಂದು ಅಕ್ಷರವನ್ನು 'ಇದೇ' ಎಂದು ತೋರಿಸುವುದು ಹೇಗೆ? ನಕ್ಷೆಯ ಮೇಲೆ ಚಕ್ರವನ್ನು ಉರುಳಿಸಿ ವಿಸ್ತೀರ್ಣವನ್ನು ಅಳೆಯುವ ಪ್ಲಾನಿಮೀಟರ್ ಎಂಬ ಹಳೆಯ ಉಪಕರಣದ ನೆನಪಿನಿಂದ ಅವರಿಗೊಂದು ಉಪಾಯ ಹೊಳೆಯಿತು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಅದಕ್ಕೆ ರೂಪ ಕೊಟ್ಟರು. ಮರದ ಒಂದು ತುಂಡು. ಕೆಳಗೆ ಒಂದಕ್ಕೊಂದು ಲಂಬವಾಗಿ ಎರಡು ಲೋಹದ ಚಕ್ರಗಳು, ಒಂದು ಅಡ್ಡ ಚಲನೆಗೆ, ಇನ್ನೊಂದು ಉದ್ದದ ಚಲನೆಗೆ. ಮೇಲೆ ಒಂದೇ ಗುಂಡಿ. ಹಿಂದೆ ಬಾಲದಂತೆ ತಂತಿ. ಬಾಲವನ್ನು ನೋಡಿ ಪ್ರಯೋಗಾಲಯದಲ್ಲಿ ಯಾರೋ ಇಲಿಯೆಂದರು, ಆ ಹೆಸರೇ ನಿಂತಿತು. ಹಾಗೆಂದವರು ಯಾರೆಂಬುದು ಎಂಗೆಲ್‌ಬಾರ್ಟರಿಗೂ ನೆನಪಿರಲಿಲ್ಲ. ಆ ಬಾಲ ಮೊದಲು ಮಣಿಕಟ್ಟಿನ ಕಡೆಗಿತ್ತು. ಕೈಗೆ ತೊಡಕಾದುದರಿಂದ ಅದನ್ನು ಮುಂದಕ್ಕೆ ತಿರುಗಿಸಿದರು.

ನಾವು ಮೆಚ್ಚತಕ್ಕ ಸಂಗತಿ ಮುಂದಿನದು. ತಾವು ಕಂಡುಹಿಡಿದದ್ದೇ ಶ್ರೇಷ್ಠವೆಂದು ಅವರು ಸಾರಲಿಲ್ಲ. ತೆರೆಗೆ ತಾಗಿಸುವ ಬೆಳಕಿನ ಲೇಖನಿ, ಹಿಡಿಕೋಲು, ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಸನ್ನೆ, ಇವೆಲ್ಲವನ್ನೂ ಮೌಸಿನೊಡನೆ ಪಂದ್ಯಕ್ಕೆ ಬಿಟ್ಟರು. ಕೈಗಳಿಗೆ ಕೊಟ್ಟು ಕಾಲವನ್ನೂ ತಪ್ಪುಗಳನ್ನೂ ಎಣಿಸಿದರು. ಹೊಸಬರ ವಿಷಯದಲ್ಲಿ ಮೊಣಕಾಲಿನ ಸನ್ನೆಯೂ ಬೆಳಕಿನ ಲೇಖನಿಯೂ ಮೌಸಿಗಿಂತ ಹಿಂದೆ ಬೀಳಲಿಲ್ಲ. ಪಳಗಿದವರ ಕೈಯಲ್ಲಿ ಮಾತ್ರ ಮೌಸೇ ಗೆದ್ದಿತು. 1967ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟರು ಒಂದೂವರೆ ಗಂಟೆಯ ಕಾಲ ಇದನ್ನು ಸಭೆಗೆ ಆಡಿಸಿ ತೋರಿಸಿದರು. ಆ ಪ್ರಾತ್ಯಕ್ಷಿಕೆಯಲ್ಲಿ ಅವರ ಬಲಗೈಯಲ್ಲಿ ಮೌಸ್ ಇತ್ತು. ಎಡಗೈಯ ಕೆಳಗೆ ಐದು ಕೀಲಿಗಳುಳ್ಳ ಇನ್ನೊಂದು ಪುಟ್ಟ ಫಲಕವಿತ್ತು. ತೋರಿಸುವುದು ಬಲಗೈ, ಆಜ್ಞಾಪಿಸುವುದು ಎಡಗೈ. ವಾಚಕರು ಈ ಎಡಗೈಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನಮ್ಮ ಮನೆಯಲ್ಲಿ ಅದರ ಕೆಲಸವಿದೆ.

1970ರಲ್ಲಿ ಸನ್ನದು ದೊರೆಯಿತು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಬಂದ ಮೇಲೆ ಮೌಸ್ ಜನಸಾಮಾನ್ಯರ ಮೇಜಿಗೆ ಇಳಿಯಿತು. ಆದರೆ ಸನ್ನದು ಸಂಸ್ಥೆಯದಾಗಿತ್ತು, 1987ರಲ್ಲಿ ಅದರ ಅವಧಿಯೂ ತೀರಿತು. ಲೋಕದ ಕೋಟ್ಯಂತರ ಮೌಸುಗಳಿಂದ ಎಂಗೆಲ್‌ಬಾರ್ಟರಿಗೆ ಗೌರವಧನವೆಂದು ಬಿಡಿಗಾಸೂ ಬರಲಿಲ್ಲ. ದೊಡ್ಡ ದೊಡ್ಡ ಪುರಸ್ಕಾರಗಳು ಬಂದದ್ದು ಮುಪ್ಪಿನಲ್ಲಿ. 2013ರಲ್ಲಿ ಅವರು ಕಾಲವಾದರು.

ಟೀಪಾಯಿಯ ಮೇಲೆ ನಿಂತ ಬಾಣ

ಇಂದಿನ ಮೌಸಿಗೆ ಚಕ್ರಗಳಿಲ್ಲ. 1999ರ ಈಚೆಗೆ ಬೆಳಕಿನಿಂದ ನಡೆಯುವ ಮೌಸುಗಳು ಎಲ್ಲೆಡೆ ಹರಡಿದವು. ಹೊಟ್ಟೆಯ ಕೆಳಗೊಂದು ಪುಟ್ಟ ದೀಪ, ಒಂದು ಮಸೂರ, ಕಾಳಿನಷ್ಟು ಚಿಕ್ಕ ಕ್ಯಾಮೆರಾ. ಅದು ತನ್ನ ಕೆಳಗಿನ ನೆಲದ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ, ತಾನು ಎತ್ತ ಎಷ್ಟು ಸರಿದೆನೆಂಬುದನ್ನು ಲೆಕ್ಕ ಹಾಕುತ್ತದೆ. ಆದಕಾರಣ ನೆಲದಲ್ಲಿ ಕಣ್ಣಿಗೆ ಕಾಣದಷ್ಟಾದರೂ ಉಬ್ಬುತಗ್ಗು ಬೇಕು.

ಇದನ್ನು ಹೇಳಿದ ಕೂಡಲೆ ಒಂಬತ್ತು ವರ್ಷದ ಮಗಳು ಲ್ಯಾಪ್‌ಟಾಪನ್ನೂ ಹೊಸ ಮೌಸನ್ನೂ ಎತ್ತಿಕೊಂಡು ಮನೆಯಲ್ಲೆಲ್ಲ ಪರೀಕ್ಷೆಗೆ ಹೊರಟಳು. ಟೀಪಾಯಿಯ ಗಾಜಿನ ಮೇಲೆ ಬಾಣ ಕದಲಲಿಲ್ಲ. ಅಡಿಗೆಮನೆಯ ನುಣುಪಾದ ಕರಿಯ ಕಲ್ಲಿನ ಮೇಲೆ ಕುಂಟುತ್ತ ನಡೆಯಿತು. ಹಳೆಯ ದಿನಪತ್ರಿಕೆಯ ಮೇಲೆ ಸರಾಗವಾಗಿ ಓಡಿತು. ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಆಕೆಯೇ ಪರೀಕ್ಷೆಗೆ ಒಯ್ಯುವ ರಟ್ಟಿನ ಹಲಗೆಯ ಮೇಲೆ. ಅಂದಿನಿಂದ ಆ ಹಲಗೆ ನನ್ನದಾಯಿತು. ಮಗಳಿಗೆ ಹೊಸತೊಂದನ್ನು ಕೊಡಿಸಬೇಕಾಯಿತು.

ನಾನೂ ಒಂದು ಪಂದ್ಯ ಹೂಡಿದೆ. ನೋಟುಪುಸ್ತಕದ ಒಂದೇ ಪುಟ, ಅದೇ ಇಪ್ಪತ್ತು ತಿದ್ದುಪಡಿಗಳು. ಗಡಿಯಾರ ಹಿಡಿದವಳು ಶ್ರೀಮತಿ. ಟಚ್‌ಪ್ಯಾಡಿನಲ್ಲಿ ಒಂಬತ್ತು ನಿಮಿಷ, ಚಿಕ್ಕ ಮೌಸಿನಲ್ಲಿ ಏಳು. ಸಾವಿರದ ಇನ್ನೂರು ರೂಪಾಯಿಯ ಲಂಬ ಮೌಸಿನಲ್ಲಿ ಹನ್ನೊಂದು! ಗುಂಡಿ ಒತ್ತಲು ಹೋದರೆ ಇಡೀ ಮೌಸೇ ಪಕ್ಕಕ್ಕೆ ಸರಿದು ಗುರಿ ತಪ್ಪುತ್ತಿತ್ತು. "ಕುಂಕುಮ ಇಡದಿದ್ದದ್ದೇ ಒಳ್ಳೆಯದಾಯಿತು" ಎಂದಳು ಶ್ರೀಮತಿ. ಆದರೆ ಎಂಗೆಲ್‌ಬಾರ್ಟರ ಪಂದ್ಯದಲ್ಲಿ ಹೊಸಬರಿಗೂ ಪಳಗಿದವರಿಗೂ ಇದ್ದ ಅಂತರ ನೆನಪಿತ್ತಷ್ಟೆ; ಪಟ್ಟು ಬಿಡಲಿಲ್ಲ. ಬಾಣದ ವೇಗವನ್ನು ತಗ್ಗಿಸಿದೆ. ಹೆಬ್ಬೆರಳನ್ನು ಎದುರು ಬದಿಗೆ ಆನಿಸಿ ಒತ್ತುವುದನ್ನು ಕಲಿತೆ. ಬೆರಳಿನಿಂದಲ್ಲ, ಮೊಣಕೈಯಿಂದ ಸರಿಸುವುದನ್ನು ರೂಢಿಸಿಕೊಂಡೆ. ಹತ್ತನೆಯ ದಿನ ಅದೇ ಪುಟ ಆರು ನಿಮಿಷಕ್ಕೆ ಮುಗಿಯಿತು. ನೋವೂ ಇಳಿಮುಖವಾಯಿತು, ರಾತ್ರಿ ಬೆರಳು ಮರಗಟ್ಟುವುದು ತಪ್ಪಿತು. ಮೌಸಿನ ನೆತ್ತಿಯ ಮೇಲೆ ಕುಂಕುಮವೂ ಬಿದ್ದಿತು.

ಅಪ್ಪಯ್ಯನವರ ಎಡಗೈ

ಕೆಲಸ ಮತ್ತೆ ಸಾಗಿತು. ಆದರೆ ಇನ್ನೊಂದು ತೊಡಕು ಎದುರಾಯಿತು. ಸಾಗರದ ಕಡೆಯ ಉಚ್ಚಾರಣೆಯ ಸೂಕ್ಷ್ಮಗಳು ಬೆಂಗಳೂರಿನಲ್ಲಿ ಬೆಳೆದುಹೋದ ನನಗೆ ಎಷ್ಟೋ ಮರೆತಿವೆ. ಏರಿಸಿದ್ದನ್ನು ಅಪ್ಪಯ್ಯ ನೋಡಲೇಬೇಕು. ಕಾಗದದ ಮೇಲೆ ಅಚ್ಚು ತೆಗೆದುಕೊಟ್ಟರೆ ತಿದ್ದಲು ಕೈ ನಡುಗುತ್ತದೆ. ಪಕ್ಕದಲ್ಲಿ ಕುಳಿತು ಹೇಳಿಸಿಕೊಳ್ಳೋಣವೆಂದರೆ, ನನ್ನ ಬಿಡುವಿಗೆ ಅವರು ದಿನವೆಲ್ಲ ಕಾಯಬೇಕು. ಒಂದು ದಿನ ಅವರೇ, "ಆ ಇಲಿಯನ್ನು ಇತ್ತ ಕೊಡು, ನೋಡೋಣ" ಎಂದರು.

ಲಂಬ ಮೌಸ್ ಅವರ ಕೈಗೆ ಬಿದ್ದೊಡನೆ ಬಾಣ ತೆರೆಯ ತುಂಬ ದುಂಬಿಯಂತೆ ಹಾರಾಡಿತು. ಹಗುರವಾದ ಆ ವಸ್ತು ಕೈಯ ನಡುಕವನ್ನೆಲ್ಲ ತೆರೆಗೆ ವರದಿ ಮಾಡುತ್ತಿತ್ತು. ಅಟ್ಟದ ಮೇಲಿದ್ದ ಹಳೆಯ ತಂತಿಯ ಮೌಸೊಂದನ್ನು ಇಳಿಸಿದೆ. ಅಗಲವಾಗಿ, ಸ್ವಲ್ಪ ಭಾರವಾಗಿ, ಮೇಜಿಗೆ ಅಂಟಿದಂತಿರುವ ಮೌಸ್. ಸೆಟ್ಟಿಂಗ್ಸ್ ತೆರೆದು ಬಾಣದ ವೇಗವನ್ನು ತೀರ ಇಳಿಸಿದೆ, ಬಾಣದ ಗಾತ್ರವನ್ನು ಹಿಗ್ಗಿಸಿದೆ, ಎರಡು ಸಲ ಒತ್ತುವುದರ ನಡುವೆ ಹೆಚ್ಚು ಬಿಡುವು ಸಿಗುವಂತೆ ಮಾಡಿದೆ. ಈಗ ಬಾಣ ಹೇಳಿದಲ್ಲಿಗೆ ಹೋಗುತ್ತಿತ್ತು. ಆದರೆ ಒತ್ತುವ ಗಳಿಗೆಯಲ್ಲಿ ಬೆರಳು ನಡುಗಿ ಬಾಣ ಜಾರಿಬಿಡುತ್ತಿತ್ತು. ಹತ್ತು ಸಲ ಹೀಗಾಯಿತು. ಅವರ ಮುಖ ಸಣ್ಣದಾಯಿತು. ನಾನು ಸಹಾಯಕ್ಕೆಂದು ಕೈ ಚಾಚಿದೆ.

"ಇರು" ಎಂದರು. ಮೌಸಿನಿಂದ ಕೈ ತೆಗೆದು ಸ್ವಲ್ಪ ಹೊತ್ತು ಲ್ಯಾಪ್‌ಟಾಪನ್ನೇ ನೋಡಿದರು. ನಮ್ಮದು ಕೊಂಚ ಹಳೆಯ ಮಾದರಿ. ಟಚ್‌ಪ್ಯಾಡಿನ ಕೆಳಗೆ ಎರಡು ಗುಂಡಿಗಳು ಬೇರೆಯಾಗಿಯೇ ಇವೆ. "ಈ ಗುಂಡಿ ಒತ್ತಿದರೂ ಅದೇ ಆಗುತ್ತದೆಯೋ?" ಎಂದು ಕೇಳಿದರು. ಆಗುತ್ತದೆ ಎಂದೆ. ಮೌಸನ್ನು ಜೋಡಿಸಿದ ಮೇಲೂ ಲ್ಯಾಪ್‌ಟಾಪಿನ ಗುಂಡಿಗಳು ಸುಮ್ಮನಾಗುವುದಿಲ್ಲವಲ್ಲ! ಅವರು ಬಲಗೈಯಿಂದ ಬಾಣವನ್ನು ಅಕ್ಷರದ ಪಕ್ಕಕ್ಕೆ ತಂದು, ಮೌಸಿನಿಂದ ಕೈಯನ್ನು ಪೂರ್ತಿಯಾಗಿ ಎತ್ತಿಬಿಟ್ಟರು. ಬಾಣ ಇದ್ದಲ್ಲೇ ನಿಂತಿತು. ಎಡಗೈಯ ಹೆಬ್ಬೆರಳಿನಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಗುರಿ ತಪ್ಪಲಿಲ್ಲ.

"ಅಡಿಕೆ ಸುಲಿಯುವವರನ್ನು ನೋಡಿಲ್ಲವೇನೋ? ಒಂದು ಕೈ ಹಿಡಿಯಬೇಕು, ಒಂದು ಕೈ ಬಿಡಿಸಬೇಕು. ಎರಡು ಕೈಯ ಕೆಲಸವನ್ನು ಒಂದು ಕೈಗೆ ಹೇಳಿದರೆ ಬೆರಳು ಕೊಯ್ದುಕೊಂಡೀತು" ಎಂದರು.

ನಾನು ಮಾತಿಲ್ಲದೆ ಕುಳಿತೆ. 1968ರ ಆ ಸಭೆಯಲ್ಲಿ ಎಂಗೆಲ್‌ಬಾರ್ಟರು ಎರಡು ಕೈಗಳಿಗೂ ಕೆಲಸ ಹಂಚಿದ್ದರು. ಮುಂದೆ ಯಂತ್ರಗಳನ್ನು ಮಾರಿದವರು ಬಲಗೈಯ ಮೌಸನ್ನು ಉಳಿಸಿಕೊಂಡು ಎಡಗೈಯ ಫಲಕವನ್ನು ಕೈಬಿಟ್ಟರು. ತೋರಿಸುವುದೂ ಒತ್ತುವುದೂ ಒಂದೇ ಕೈಯ ಪಾಲಿಗೆ ಬಂದವು. ನನ್ನ ಮಣಿಕಟ್ಟು ಕೆಟ್ಟದ್ದೂ ಇದರಿಂದಲೇ ಅಲ್ಲವೆ? ಅಂದಿನಿಂದ ನಾನೂ ಶಬ್ದಗಳನ್ನು ಹಿಡಿದೆಳೆಯುವುದನ್ನು ಬಿಟ್ಟೆ. ಮೌಸಿನಿಂದ ಗುರುತು ಮಾಡುವುದಷ್ಟೆ ಬಲಗೈಯ ಕೆಲಸ. ಕತ್ತರಿಸುವುದು, ನಕಲು ತೆಗೆಯುವುದು, ಅಂಟಿಸುವುದು ಎಡಗೈಯವು. ಅದಕ್ಕೆ ಬೇಕಾದ ಕಂಟ್ರೋಲ್, ಎಕ್ಸ್, ಸಿ, ವಿ ಕೀಲಿಗಳು ಮೊದಲಿನಿಂದಲೂ ಎಡಗೈಯ ಬುಡದಲ್ಲೇ ಸಾಲಾಗಿ ಕುಳಿತಿದ್ದವು, ನಾನು ನೋಡಿರಲಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಮೌಸ್ ಕೊಳ್ಳಹೊರಟ ಗೃಹಸ್ಥರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಪೆಟ್ಟಿಗೆಯ ಮೇಲೆ ಅಂಗುಲಕ್ಕೆ ಇಷ್ಟು ಸಾವಿರ ಚುಕ್ಕೆಗಳೆಂದು ಬರೆದಿರುವ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಮೌಸ್ ಒಂದು ಅಂಗುಲ ಸರಿದರೆ ಬಾಣ ಎಷ್ಟು ದೂರ ಓಡುತ್ತದೆಂಬುದರ ಲೆಕ್ಕ ಅದು. ಅಕ್ಷರ ತಿದ್ದುವವರಿಗೆ ಸಾವಿರದ ಆಸುಪಾಸು ಧಾರಾಳವಾಯಿತು. ಅಂಗೈಯನ್ನು ಅದರ ಮೇಲಿಟ್ಟಾಗ ಬೆರಳುಗಳು ಮಡಿಸಿಕೊಳ್ಳದೆ ಸಹಜವಾಗಿ ಗುಂಡಿಗಳ ಮೇಲೆ ಮಲಗಬೇಕು. ತಂತಿಯಿಲ್ಲದ್ದಾದರೆ ಅದರ ಪುಟ್ಟ ಗ್ರಾಹಕವನ್ನು ಸಿಕ್ಕಿಸುವ ಕಿಂಡಿ ನಿಮ್ಮ ಲ್ಯಾಪ್‌ಟಾಪಿನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೊಸ ತೆಳು ಮಾದರಿಗಳಲ್ಲಿ ಅಗಲ ಕಿಂಡಿ ಇರದಿರುವು­ದುಂಟು. ಮನೆಯಲ್ಲಿ ಎಡಚರಿದ್ದರೆ ಎರಡು ಕಡೆಯೂ ಸಮನಾದ ಆಕಾರದ್ದನ್ನು ತಂದು, ಗುಂಡಿಗಳ ಕೆಲಸವನ್ನು ಸೆಟ್ಟಿಂಗ್ಸಿನಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಲಂಬ ಮೌಸುಗಳು ಬಹುಮಟ್ಟಿಗೆ ಒಂದೇ ಕೈಗೆ ಅಳವಟ್ಟವು. ಒಂದು ದಿನದಲ್ಲಿ ತೀರ್ಪು ಕೊಡಬೇಡಿ, ಹತ್ತು ದಿನ ಕೊಡಿ. ಆದರೆ ಹತ್ತು ದಿನವಾದರೂ ನೋವು ಉಳಿದರೆ ಮೌಸನ್ನು ದೂಡಿ, ಕೈಯನ್ನಲ್ಲ. ವೈದ್ಯರ ಬಳಿಗೆ ಹೋಗಿ.

ಮೂರು ಕೈ, ಮೂರು ಇಲಿ

ಯುಗಾದಿ ಬಂದು ಹೋಯಿತು. ಪುಸ್ತಕ ಅಚ್ಚಾಗಲಿಲ್ಲ. ಏಳರಲ್ಲಿ ಐದು ನೋಟುಪುಸ್ತಕಗಳು ಮುಗಿದಿವೆ. ತಡವಾಗುತ್ತಿರುವುದು ನನ್ನ ಕೈಯಿಂದಲ್ಲ, ಅಪ್ಪಯ್ಯನವರ ತಿದ್ದುಪಡಿಗಳಿಂದ. ನಾನು ಕಾಲೇಜಿಗೆ ಹೋದ ಮೇಲೆ ಅವರು ಕನ್ನಡಕ ಹಾಕಿಕೊಂಡು ಕುಳಿತುಬಿಡುತ್ತಾರೆ. ಮೊದಲ ದಿನ ಅವರು ತಿದ್ದಿದ್ದು ಒಂದೇ ಶಬ್ದ. 'ಸೋಗೆ'ಯನ್ನು ನಾನು 'ಸೊಗೆ' ಎಂದು ಹ್ರಸ್ವ ಮಾಡಿದ್ದೆ. ಬಾಣವನ್ನು ತಂದು, ಕೈಯೆತ್ತಿ, ಎಡಗೈಯಿಂದ ಒತ್ತಿ, ಕೀಲಿಮಣೆಯಲ್ಲಿ ದೀರ್ಘವನ್ನು ಹುಡುಕಿ ಸೇರಿಸುವ ಹೊತ್ತಿಗೆ ನಾಲ್ಕು ನಿಮಿಷವಾಗಿತ್ತು. ನಾನಾಗಲಿ ಶ್ರೀಮತಿಯಾಗಲಿ ಕೈ ಚಾಚಲಿಲ್ಲ. ಈಗ ದಿನಕ್ಕೆ ಮೂರು ಪುಟ ನೋಡುತ್ತಾರೆ. ಅರ್ಧಕ್ಕೆ ನಿಂತಿದ್ದ ಏಳನೆಯ ಪುಸ್ತಕಕ್ಕೆ ಲ್ಯಾಪ್‌ಟಾಪಿನಲ್ಲೇ ಹೊಸ ಶಬ್ದಗಳು ಸೇರುತ್ತಿವೆ.

ಅಂಗಡಿಯವನು ಹಿಂದಕ್ಕೆ ಪಡೆಯದಿದ್ದ ಆ ಚಿಕ್ಕ ಮೌಸ್ ಏನಾಯಿತೆಂದು ವಾಚಕರು ಕೇಳಬಹುದು. ಅದು ಮಗಳ ಪುಟ್ಟ ಅಂಗೈಗೆ ಅಳೆದು ಮಾಡಿಸಿದಂತಿದೆ. ನನಗೆ ಲಂಬ ಮೌಸ್, ಅಪ್ಪಯ್ಯನವರಿಗೆ ಬಾಲವುಳ್ಳ ಹಳೆಯದು. ಕೆಟ್ಟ ಮೌಸ್ ಎಂದು ನಾನು ಬೈದದ್ದೆಲ್ಲ ಬೇರೊಬ್ಬರ ಕೈಯ ಮೌಸಾಗಿತ್ತು. ಮನೆಯಲ್ಲಿ ಮೌಸ್ ಇಲ್ಲದವಳು ಶ್ರೀಮತಿಯೊಬ್ಬಳೇ. "ನನಗೆ ಬೇಡ. ಮೂರು ಇಲಿಗಳಿರುವ ಮನೆಯಲ್ಲಿ ಒಬ್ಬರಾದರೂ ಬೋನು ಹಿಡಿದುಕೊಂಡಿರಬೇಡವೇ?" ಎಂದು ಆಕೆ ರಾತ್ರಿ ಹತ್ತೂವರೆಗೆ ಸರಿಯಾಗಿ ಬಂದು, ಅಪ್ಪ ಮಗ ಇಬ್ಬರ ಮುಂದಿನಿಂದಲೂ ಲ್ಯಾಪ್‌ಟಾಪನ್ನು ಮುಚ್ಚಿಬಿಡುತ್ತಾಳೆ.